ಕನಾಗಿಯ ಅಕ್ಕ ತಮ್ಮ

ರೈಲಿನ ಡಬ್ಬಿಯೊಳಗೆ ಒಲೆ ಉರಿಯುತ್ತಿತ್ತು. ಹೊಟ್ಟೆ ದುಂಡಗಿರುವ ಕಬ್ಬಿಣದ ಒಲೆ, ಅದರ ತಲೆಯ ಮೇಲೊಂದು ತಂತಿಬಲೆ, ಹೊಗೆ ಹೋಗಲು ಮಾಡಿನವರೆಗೆ ನೆಟ್ಟಗೆ ಏರಿದ ಕೊಳವೆ. ರೈಲಿನ ಸಿಬ್ಬಂದಿಯೊಬ್ಬರು ಬಂದು ಒಲೆಯ ಬಾಯಿ ತೆರೆದು ಕಲ್ಲಿದ್ದಲು ಸುರಿದರು. ಆಮೇಲೆ ಕೈಗವಸು ಹಾಕಿಕೊಂಡು ಒಣಮೀನೊಂದನ್ನು ಬಲೆಯ ಮೇಲೆ ಒತ್ತಿ ಹಿಡಿದರು. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಅದು. ಅಂಚು ಸುರುಟಿಕೊಂಡು ಚಟಪಟ ಅಂದಕೂಡಲೇ ಎಳೆ ಎಳೆಯಾಗಿ ಹರಿದು ಪಕ್ಕದ ಸೀಟಿನ ಅಜ್ಜನ ಕೈಗೆ ಕೊಟ್ಟರು. ಅಜ್ಜ ನನಗೂ ಎರಡು ಎಳೆ ಚಾಚಿದರು. ನಾನು ಮೀನು ತಿನ್ನುವವಳಲ್ಲ, ಕೈಮುಗಿದೆ. ಅವರೂ ತಲೆಬಾಗಿ ನಕ್ಕರು.

ಇದು ತ್ಸುಗಾರು ಪ್ರದೇಶದ ರೈಲು. ಜಪಾನಿನ ದೊಡ್ಡ ದ್ವೀಪ ಹೊನ್ಶುವಿನ ಉತ್ತರದ ತುದಿ, ಅಓಮೊರಿ ಸೀಮೆ. ಗೊಶೊಗವಾರ ಎಂಬ ಊರಿನಿಂದ ನಕಸಾತೊವರೆಗೆ ಬರೀ 20.7 ಕಿಲೋಮೀಟರ್ ಹಳಿ. 1930ರಿಂದ ಓಡುತ್ತಿದೆ. ಡಿಸೆಂಬರ್ ಬಂತೆಂದರೆ ಹಳೆಯ ಡಬ್ಬಿಗಳನ್ನು ಹೊರತೆಗೆದು ಒಲೆ ಹೊತ್ತಿಸುತ್ತಾರೆ, ಮಾರ್ಚ್ ಮುಗಿಯುವವರೆಗೆ ಹೊತ್ತಿರುತ್ತದೆ. ಟೋಕಿಯೊದಿಂದ ಶಿನ್-ಅಓಮೊರಿಗೆ ಗಂಟೆಗೆ 320 ಕಿಲೋಮೀಟರ್ ವೇಗದ ಶಿಂಕಾನ್ಸೆನ್‌ನಲ್ಲಿ ಬಂದವರು ನಾವು. ಆ ರೈಲಿನಲ್ಲಿ ಊರುಗಳು ಕಣ್ಣಿಗೆ ನಿಲ್ಲಲೇ ಇಲ್ಲ. ಈ ರೈಲಿನಲ್ಲಿ ಒಂದೊಂದು ಮನೆಯ ಮಾಡಿನ ಮೇಲಿನ ಹಿಮವನ್ನೂ ನೋಡುತ್ತ ಕೂರಬಹುದು.

ಹಿಮವೆಂದರೆ ಮೇಲಿನಿಂದ ಬೀಳುವುದು ಎಂದೇ ತಿಳಿದಿದ್ದೆ. ಇಲ್ಲಿ ಅದು ನೆಲದಿಂದ ಏಳುತ್ತದೆ. ಗದ್ದೆಬಯಲಿನ ಮೇಲೆ ಬಿದ್ದ ಹಿಮವನ್ನು ಸಮುದ್ರದ ಕಡೆಯ ಗಾಳಿ ಹಿಡಿ ಹಿಡಿಯಾಗಿ ಎಬ್ಬಿಸಿ ಅಡ್ಡಡ್ಡ ಬೀಸುತ್ತದೆ. ನೋಡನೋಡುತ್ತಿದ್ದಂತೆ ಎದುರಿನ ಮರ ಇಲ್ಲ, ವಿದ್ಯುತ್ ಕಂಬ ಇಲ್ಲ, ಗದ್ದೆ ಇಲ್ಲ. ಕಿಟಕಿಯ ತುಂಬ ಬಿಳಿ. ಮರುಕ್ಷಣ ಗಾಳಿ ನಿಂತರೆ ದೂರದಲ್ಲಿ ಇವಾಕಿ ಬೆಟ್ಟ, 1,625 ಮೀಟರ್, ಒಂಟಿಯಾಗಿ ಎದ್ದು ನಿಂತಿರುತ್ತದೆ. ಮೆಕ್ಕೆಜೋಳದ ಹೊಲ, ಅಡಿಕೆ ತೋಟಗಳ ನಡುವೆ ಬೆಳೆದ ನ್ಯಾಮತಿಯ ಹೆಂಗಸಿಗೆ ಇದನ್ನು ನೋಡುವ ಭಾಗ್ಯ ಬಂತಲ್ಲ ಎಂದು ಗಂಟಲು ಕಟ್ಟಿತು.

"ಚಿಕ್ಕಮ್ಮ, ಚಳಿ ಆಗ್ತಿದೆಯಾ?" ಅಂದ ನನ್ನ ಅಕ್ಕನ ಮಗ. ಟೋಕಿಯೊದಲ್ಲಿ ಕೆಲಸಕ್ಕಿದ್ದಾನೆ. ಅವನು ರಜೆ ಹಾಕಿ ಜೊತೆಗೆ ಬಂದದ್ದರಿಂದಲೇ ನನಗೆ ಭಾಷೆ ದಕ್ಕಿತು, ದಾರಿ ದಕ್ಕಿತು.

ನನ್ನನ್ನು ಇಷ್ಟು ದೂರ ಎಳೆದು ತಂದದ್ದು ಇಬ್ಬರು ಅಣ್ಣತಮ್ಮಂದಿರು. ಯೋಶಿದಾ ಸಹೋದರರು. ಅಣ್ಣ ರ್ಯೊಇಚಿರೊ 1977ರಲ್ಲಿ ಹುಟ್ಟಿದವರು, ತಮ್ಮ ಕೆನಿಚಿ 1979ರಲ್ಲಿ. ಊರು ಇನ್ನೂ ಉತ್ತರದ ಹೊಕ್ಕೈಡೊ ದ್ವೀಪದ ನೊಬೊರಿಬೆತ್ಸು. ಇಬ್ಬರೂ ಐದನೇ ವಯಸ್ಸಿಗೆ ಶಾಮಿಸೆನ್ ಹಿಡಿದರು. ಮೂರು ತಂತಿಯ, ಉದ್ದ ಕುತ್ತಿಗೆಯ ವಾದ್ಯ ಅದು. 1999ರಲ್ಲಿ ಅವರ ಮೊದಲ ಆಲ್ಬಂ 'ಇಬುಕಿ' ಬಂದಾಗ ಒಂದು ಲಕ್ಷಕ್ಕೂ ಮೀರಿ ಪ್ರತಿಗಳು ಹೋದವು. ಜನಪದ ವಾದ್ಯದ ಆಲ್ಬಂಗೆ, ಅದೂ ಇಪ್ಪತ್ತರ ಆಸುಪಾಸಿನ ಇಬ್ಬರು ಹುಡುಗರ ಆಲ್ಬಂಗೆ, ಅದು ಆ ದೇಶದಲ್ಲೂ ಕಂಡು ಕೇಳದ ಸಂಗತಿ. ಅಜ್ಜಂದಿರ ಕಾಲದ ಹಕಾಮಾ ಉಡುಪು ತೊಟ್ಟು, ಬಣ್ಣ ಹಾಕಿದ ತಲೆಗೂದಲಿನಲ್ಲಿ ವೇದಿಕೆಗೆ ಬಂದು ಕೂತ ಆ ಇಬ್ಬರನ್ನು ನೋಡಿ ಎಷ್ಟೋ ಮಕ್ಕಳು ತಮಗೂ ಶಾಮಿಸೆನ್ ಬೇಕು ಎಂದು ಹಟ ಹಿಡಿದರು.

ಅಣ್ಣತಮ್ಮಂದಿರ ಜೋಡಿ ಕನ್ನಡಿಗರಿಗೆ ಹೊಸದಲ್ಲ. ರುದ್ರಪಟ್ಟಣ ಸಹೋದರರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರ ಹಾಡುಗಾರಿಕೆ, ಮೈಸೂರು ನಾಗರಾಜ್, ಮಂಜುನಾಥ್ ಅವರ ಪಿಟೀಲು ಕೇಳಿಯೇ ನಮ್ಮ ಕಿವಿ ಪಳಗಿದೆ. ಆದರೆ ಅವೆಲ್ಲ ಶಾಸ್ತ್ರೀಯ ಕಛೇರಿಯ ಜೋಡಿಗಳು. ಮನೆ ಮನೆ ಬಾಗಿಲಲ್ಲಿ ನಿಂತು ನುಡಿಸುತ್ತಿದ್ದವರ ವಾದ್ಯವನ್ನು ಇಬ್ಬರು ಹುಡುಗರು ಎತ್ತಿಕೊಂಡು ಜಗತ್ತು ಸುತ್ತಿದ್ದು ನನ್ನನ್ನು ಹಿಡಿದು ನಿಲ್ಲಿಸಿತು. ಅವರು ನುಡಿಸುವ ಶೈಲಿ ಹುಟ್ಟಿದ ನೆಲ ನೋಡಬೇಕು ಅನ್ನಿಸಿತು. ಆ ನೆಲ ಕನಾಗಿ.

ರೈಲು ಇಳಿದು ನಿಲ್ದಾಣದಿಂದ ನಡೆದೇ ಹೋದೆವು. ಪುಟ್ಟ ಊರು. ಕಾದಂಬರಿಕಾರ ದಜಾಯಿ ಒಸಾಮು 1909ರಲ್ಲಿ ಹುಟ್ಟಿದ ದೊಡ್ಡ ಮನೆ ಇಲ್ಲೇ ಇದೆ, ಈಗ ಸ್ಮಾರಕ. ಅದರ ಹತ್ತಿರವೇ ತ್ಸುಗಾರು ಶಾಮಿಸೆನ್ ಭವನ. ಸಾಹಿತ್ಯದ ಅಭಿಮಾನಿಗಳು ಅತ್ತ ಹೋದರು. ನಾನು ಇತ್ತ ತಿರುಗಿದೆ.

ಈ ಸಂಗೀತದ ಮೂಲಪುರುಷನೆಂದು ಇಲ್ಲಿನವರು ನೆನೆಯುವುದು ನಿತಾಬೊ ಎಂಬಾತನನ್ನು. 1857ರಲ್ಲಿ ಇದೇ ಕನಾಗಿಯಲ್ಲಿ, ದೋಣಿ ದಾಟಿಸುವವನ ಮಗನಾಗಿ ಹುಟ್ಟಿದ. ಚಿಕ್ಕವನಿದ್ದಾಗಲೇ ಸಿಡುಬು ಬಂದು ಕಣ್ಣು ಹೋಯಿತು. ಕಣ್ಣಿಲ್ಲದ ಬಡವರ ಮಗನಿಗೆ ಆ ಕಾಲದಲ್ಲಿ ಇದ್ದ ದಾರಿ ಒಂದೋ ಎರಡೋ. ಅವನು ಶಾಮಿಸೆನ್ ಹಿಡಿದು ಮನೆಯಿಂದ ಮನೆಗೆ ಹೊರಟ. ಹೀಗೆ ಬಾಗಿಲು ಬಾಗಿಲಿಗೆ ಹೋಗಿ ನುಡಿಸಿ ಅಕ್ಕಿ ಬೇಡುತ್ತಿದ್ದ ಕುರುಡರನ್ನು ತ್ಸುಗಾರಿನವರು ಬೊಸಾಮ ಎಂದು ಕರೆಯುತ್ತಿದ್ದರು. ಕರೆಯುವಾಗ ಮರ್ಯಾದೆ ಅಷ್ಟಕ್ಕಷ್ಟೇ. ಮಕ್ಕಳು ಹಿಂದೆ ಬಿದ್ದು ಅಣಕಿಸುತ್ತಿದ್ದರಂತೆ.

ಭವನದಲ್ಲಿ ಅದನ್ನು ಓದುತ್ತ ನಿಂತಾಗ ನಮ್ಮ ಕಡೆಯ ಬಾಗಿಲುಗಳು ಕಣ್ಣಿಗೆ ಬಂದವು. ಗೊರವಯ್ಯ ಡಮರುಗ ಬಾರಿಸಿಕೊಂಡು ಬಂದರೆ, ಕಿನ್ನರಿ ಜೋಗಿ ಅಂಗಳದಲ್ಲಿ ನಿಂತು ಕಥೆ ಎತ್ತಿಕೊಂಡರೆ, ಎಲ್ಲಮ್ಮನ ಜೋಗತಿ ಚೌಡಿಕೆಯ ತಂತಿ ಮಿಡಿದರೆ ಒಳಗಿಂದ ಮೊರದಲ್ಲಿ ಜೋಳ ಬರುತ್ತಿತ್ತು. ಹಾಡು ಮುಗಿಯುವ ಮೊದಲೇ ಜೋಳ ಸುರಿದು ಮುಂದೆ ಹೋಗು ಅನ್ನುವ ಮನೆಗಳೂ ಇದ್ದವು.

ತ್ಸುಗಾರಿನ ಬೊಸಾಮನಿಗೆ ಇನ್ನೊಂದು ಕಷ್ಟ. ಆರು ತಿಂಗಳ ಚಳಿಯಲ್ಲಿ ಬಾಗಿಲು ಮುಚ್ಚಿರುತ್ತದೆ, ಹೊರಗೆ ಗಾಳಿ ಊಳಿಡುತ್ತಿರುತ್ತದೆ. ಮೆಲ್ಲಗೆ ನುಡಿಸಿದರೆ ಯಾರಿಗೂ ಕೇಳದು. ಅದೇ ಊರಿಗೆ ಇನ್ನೊಬ್ಬ ಬೊಸಾಮ ಬಂದಿದ್ದರೆ ಅವನಿಗಿಂತ ಜೋರಾಗಿ, ಅವನಿಗಿಂತ ಚುರುಕಾಗಿ ನುಡಿಸಬೇಕು, ಇಲ್ಲದಿದ್ದರೆ ಅಕ್ಕಿ ಅವನ ಜೋಳಿಗೆಗೆ. ಬಯಲಿಗಾಗಿ, ಹಸಿವಿಗಾಗಿ ಈ ವಾದನ ಹೀಗೆ ಗಟ್ಟಿಯಾಯಿತು. ದಪ್ಪ ಕುತ್ತಿಗೆಯ ಶಾಮಿಸೆನ್ ಬಂತು. ತಂತಿ ಮೀಟುವ ಅಗಲ ಬಿಲ್ಲೆ, ಬಚಿ, ತಂತಿಯನ್ನು ಮೀಟಿ ಅದೇ ಬೀಸಿನಲ್ಲಿ ಚರ್ಮದ ಮೇಲೂ ಬಡಿಯತೊಡಗಿತು. ಒಂದೇ ಕೈಯಲ್ಲಿ ತಂತಿವಾದ್ಯವೂ ಆಯಿತು, ಚರ್ಮವಾದ್ಯವೂ ಆಯಿತು.

ತಾಕಾಹಾಶಿ ಚಿಕುಜಾನ್ ಈ ಪರಂಪರೆಯ ಕೊನೆಯ ದೊಡ್ಡ ತಿರುಗಾಟಗಾರರು. 1910ರಲ್ಲಿ ಹುಟ್ಟಿದವರು, ಎಳವೆಯಲ್ಲೇ ದಡಾರದಿಂದ ಕಣ್ಣು ಮಂಜಾಯಿತು. ಉತ್ತರ ಜಪಾನ್ ಹೊಕ್ಕೈಡೊಗಳ ಹಳ್ಳಿ ಹಳ್ಳಿ ಕಾಲ್ನಡಿಗೆಯಲ್ಲಿ ಬೇಡಿ ಬದುಕಿದ ಆ ಮನುಷ್ಯನನ್ನು 1970ರ ದಶಕದಲ್ಲಿ ಟೋಕಿಯೊದ ಶಿಬುಯಾದ ಸಣ್ಣ ರಂಗಮಂದಿರದಲ್ಲಿ ಕೇಳಲು ಕಾಲೇಜು ಹುಡುಗ ಹುಡುಗಿಯರು ಮುಗಿಬಿದ್ದರು. 1977ರಲ್ಲಿ ನಿರ್ದೇಶಕ ಶಿಂದೊ ಕನೆತೊ ಚಿಕುಜಾನರ ಬದುಕನ್ನೇ ಸಿನಿಮಾ ಮಾಡಿದರು. 1998ರಲ್ಲಿ ಚಿಕುಜಾನ್ ತೀರಿಕೊಂಡರು. ಮರುವರ್ಷವೇ ಯೋಶಿದಾ ಸಹೋದರರ ಆಲ್ಬಂ ಬಂತು. ಈ ಎರಡು ವರ್ಷಗಳು ಒಂದರ ಬೆನ್ನಿಗೆ ಒಂದು ಬಂದದ್ದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಭವನದ ಮಧ್ಯಾಹ್ನದ ಕಛೇರಿಗೆ ಹೊತ್ತಾಯಿತು. ಕುರ್ಚಿಗಳು ಅರ್ಧದಷ್ಟು ತುಂಬಿದ್ದವು. ಶಾಮಿಸೆನ್ ಗುರುಗಳೊಬ್ಬರು ಮೊದಲು ಬಂದು ನಮಸ್ಕರಿಸಿ, ಈ ದಿನ ತಮ್ಮ ಇಬ್ಬರು ಶಿಷ್ಯರು ನುಡಿಸುತ್ತಾರೆ, ಅಕ್ಕ ತಮ್ಮ, ಎಂದರು. ಅಕ್ಕನಿಗೆ ಹದಿನಾಲ್ಕೋ ಹದಿನೈದೋ ಇರಬಹುದು. ತಮ್ಮ ಅವಳ ಭುಜಕ್ಕೆ ಬರುತ್ತಿದ್ದ. ಬಂದು ಕೂತು, ವಾದ್ಯವನ್ನು ಬಲತೊಡೆಯ ಮೇಲೆ ಇಟ್ಟುಕೊಂಡು, ಅದು ಜಾರದ ಹಾಗೆ ಕೆಳಗಿನ ರಬ್ಬರ್ ತುಂಡನ್ನು ಸರಿಮಾಡಿಕೊಂಡು, ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹೆಣೆದ ಪುಟ್ಟ ಪಟ್ಟಿ ತೊಟ್ಟುಕೊಂಡರು. ಕೈ ಕುತ್ತಿಗೆಯ ಮೇಲೆ ಮೇಲಕ್ಕೂ ಕೆಳಕ್ಕೂ ಸರಾಗ ಜಾರಬೇಕಲ್ಲ, ಅದಕ್ಕೆ.

ಜೊಂಗಾರ-ಬುಶಿ ಎತ್ತಿಕೊಂಡರು. ತ್ಸುಗಾರಿನ ಹಾಡುಗಳಲ್ಲೆಲ್ಲ ಹೆಸರಾದದ್ದು. ಅಕ್ಕನ ಮೊದಲ ಹೊಡೆತಕ್ಕೇ ನನ್ನ ಎದೆ ಅದುರಿತು. ಮೂರು ತಂತಿಯಿಂದ ಇಷ್ಟು ಸದ್ದು ಹೊರಡುವುದೆಂದು ಧ್ವನಿಮುದ್ರಣ ಕೇಳಿ ಗೊತ್ತಾಗುವುದೇ ಇಲ್ಲ. ಬಚಿ ಚರ್ಮಕ್ಕೆ ಬಿದ್ದಾಗ ಟಪ್ ಎಂಬ ಒಣಶಬ್ದ, ಅದರೊಳಗಿಂದಲೇ ಏಳುವ ಸ್ವರ, ದಪ್ಪ ತಂತಿಯ ಬುಡದಿಂದ ಜುಂಯ್ ಎಂದು ಉಳಿಯುವ ಝೇಂಕಾರ. ಆ ಝೇಂಕಾರ ನಮ್ಮ ತಂಬೂರಿಯದೇ ಜಾತಿಯದು, ತಂತಿ ಮರಕ್ಕೆ ತುಸುವೇ ತಾಗುವಂತೆ ಬೇಕೆಂದೇ ಬಿಟ್ಟಿರುತ್ತಾರೆ.

ನಾನು ಮೊದಲ ಸಾಲಿನಲ್ಲಿದ್ದೆ, ಅವರ ಕೈ ಬಿಟ್ಟು ಬೇರೇನೂ ನೋಡಲಿಲ್ಲ. ತಮ್ಮ ಬಿರುಸಿನಿಂದ ನುಡಿಸುತ್ತಿದ್ದ, ಬಿರುಸಿಗೆ ತಂತಿ ಸಡಿಲಾಗುತ್ತಿತ್ತು. ಒಂದು ಸ್ವರ ಕೂದಲೆಳೆಯಷ್ಟು ಇಳಿಯಿತು. ನುಡಿಸುವುದನ್ನು ನಿಲ್ಲಿಸದೆ, ಬಲಗೈ ಬಡಿಯುತ್ತಿರುವಾಗಲೇ ಎಡಗೈಯನ್ನು ಸರ್ರನೆ ಕುತ್ತಿಗೆಯ ತುದಿಗೆ ಒಯ್ದು ಬಿರಡೆ ತಿರುಗಿಸಿ ಮತ್ತೆ ಸ್ವರಕ್ಕೆ ಮರಳಿದ. ಆ ಒಂದು ಗಳಿಗೆ ಅವನ ಕೈಯಿಂದ ರಾಗ ಬಿಟ್ಟುಹೋಗಬೇಕಿತ್ತು. ಹೋಗಲಿಲ್ಲ. ಅಕ್ಕ ಅಷ್ಟರಲ್ಲಿ ಆ ಜಾಗವನ್ನು ತನ್ನ ತಂತಿಯಲ್ಲಿ ತುಂಬಿ ಆಗಿತ್ತು. ಅವಳು ಅವನ ಕಡೆ ತಿರುಗಿ ನೋಡಿರಲಿಲ್ಲ. ಅವನೂ ಸನ್ನೆ ಮಾಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ಬಿರಡೆಗೆ ಹೋಯಿತು, ಆಗ ಅವನು ತುಂಬಿದ. ಹಿಂದಿನ ಸಾಲಿನಿಂದ ಯಾರೋ "ಹಾ!" ಎಂದು ಕೂಗಿದರು. ಇಲ್ಲಿ ಅದು ಮೆಚ್ಚುಗೆಯ ಕೂಗು.

ಈ ಸಂಗೀತದಲ್ಲಿ ಬರೆದಿಟ್ಟ ಸ್ವರಲಿಪಿಗಿಂತ ಕೂತಲ್ಲೇ ಹೊಳೆಯುವುದಕ್ಕೆ ಹೆಚ್ಚು ಬೆಲೆ. ಇಬ್ಬರು ಸೇರಿ ನುಡಿಸುವುದು ಅದಕ್ಕೇ ಕಷ್ಟ, ಒಬ್ಬರಿಗೆ ಏನು ಹೊಳೆಯುತ್ತದೆಂದು ಇನ್ನೊಬ್ಬರಿಗೆ ಹೇಗೆ ತಿಳಿಯಬೇಕು? ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ದಿನಾ ಬೆಳಿಗ್ಗೆ ಒಬ್ಬರ ತಪ್ಪನ್ನು ಇನ್ನೊಬ್ಬರು ಕೇಳುತ್ತ ಬೆಳೆದವರಿಗೆ ಅದು ತಿಳಿಯುತ್ತದೆ. ಯೋಶಿದಾ ಸಹೋದರರ ವಾದನದಲ್ಲಿ ದೂರದಿಂದ ನನ್ನನ್ನು ಸೆಳೆದದ್ದು ಇದೇ ಎಂದು ಆ ಕುರ್ಚಿಯಲ್ಲಿ ಕೂತಾಗ ಅರಿವಾಯಿತು. ಗುರು ಕಲಿಸಬಹುದಾದದ್ದನ್ನು ಗುರು ಕಲಿಸುತ್ತಾರೆ. ಉಳಿದದ್ದನ್ನು ಒಡಹುಟ್ಟಿದವರೇ ಒಬ್ಬರಿಗೊಬ್ಬರು ಕಲಿಸಬೇಕು.

ಇದನ್ನು ನಾನು ಊರಲ್ಲೇ ನೋಡಿದ್ದೇನೆ. ನಮ್ಮ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಸ್ಥಳ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಅಲ್ಲಿ ಹುಟ್ಟಿದರೆಂದು ಭಕ್ತರ ನಂಬಿಕೆ. ಪ್ರತಿ ಫೆಬ್ರವರಿಯಲ್ಲಿ ಜಯಂತಿಯ ಜಾತ್ರೆ. ನಾಡಿನ ಮೂಲೆ ಮೂಲೆಯ ತಾಂಡಾಗಳಿಂದ, ಆಚೆಯ ತೆಲುಗು, ಮರಾಠಿ ಸೀಮೆಗಳಿಂದಲೂ ಜನ ಬರುತ್ತಾರೆ. ಮಾಲೆ ಧರಿಸಿದ ಬಿಳಿ ಉಡುಪಿನವರು ದಿನಗಟ್ಟಲೆ ಕಾಲ್ನಡಿಗೆಯಲ್ಲಿ ಬಂದು ಸೇರುತ್ತಾರೆ. ರಾತ್ರಿ ಬಯಲಿನ ತುಂಬ ಗುಂಪು ಗುಂಪು, ಗುಂಪಿಗೊಂದು ನಗಾರಿ, ಒಂದು ಕಂಚಿನ ತಟ್ಟೆ. ನಗಾರಿಗೆ ಎರಡು ಕೋಲಿನ ಪೆಟ್ಟು ಬಿದ್ದ ಕೂಡಲೇ ತಟ್ಟೆ ಕಣಕಣ ಎನ್ನುತ್ತದೆ. ಕನ್ನಡಿ ಚೂರು, ಕವಡೆ ಹೊಲಿದ ಪೇಟಿಯಾ ತೊಟ್ಟ ಹೆಂಗಸರು ಒಬ್ಬರ ತೋಳಿಗೆ ಒಬ್ಬರು ಒತ್ತಿ ನಿಂತು ತಮ್ಮ ಭಾಷೆ ಗೋರ್ ಬೋಲಿಯಲ್ಲಿ ಹಾಡು ಎತ್ತುತ್ತಾರೆ. ಒಬ್ಬಳು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುತ್ತಾರೆ. ಹಿಡಿಯುವವರಲ್ಲಿ ಅಕ್ಕತಂಗಿಯರು, ನಾದಿನಿಯರು, ತಾಯಿಯ ಸೆರಗು ಹಿಡಿದ ಮಕ್ಕಳು. ಆ ಮಕ್ಕಳಿಗೆ ಯಾರೂ ಕೂರಿಸಿ ಪಾಠ ಹೇಳಿಲ್ಲ. ಲಿಪಿಯಿಲ್ಲದ ಭಾಷೆ ಅದು. ಶ್ರಾವಣದಲ್ಲಿ ತೀಜ್ ಬಂದರೆ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ ಮೊಳಕೆಗೆ ನೀರೆರೆಯುತ್ತ ಹಾಡುತ್ತಾರೆ, ಹೋಳಿಗೆ ಲೇಂಗಿ ಹಾಡುತ್ತಾರೆ. ಹಾಡು ಅಕ್ಕನಿಂದ ತಂಗಿಗೆ ಇಳಿಯುತ್ತದೆ. ಒಮ್ಮೆ ಜಾತ್ರೆಯಲ್ಲಿ ನಗಾರಿಯ ಆಚೆ ಅಣ್ಣ, ಈಚೆ ತಮ್ಮ ಕೂತು ಒಂದೇ ವಾದ್ಯವನ್ನು ಇಬ್ಬರೂ ಬಾರಿಸುತ್ತಿದ್ದದ್ದನ್ನು ನೋಡಿದ್ದೆ. ಕೋಲಿಗೆ ಕೋಲು ಒಮ್ಮೆಯೂ ತಾಗಲಿಲ್ಲ.

ಜಪಾನಿನಲ್ಲಿ 2002ರಿಂದ ಮಾಧ್ಯಮಿಕ ಶಾಲೆಯ ಪಠ್ಯಕ್ರಮವೇ ಒಂದು ಮಾತು ಸೇರಿಸಿಕೊಂಡಿದೆ, ಪ್ರತಿ ಮಗುವೂ ತನ್ನ ನಾಡಿನ ಒಂದು ವಾದ್ಯವನ್ನಾದರೂ ಕೈಯಲ್ಲಿ ಹಿಡಿದು ನುಡಿಸಿರಬೇಕು ಎಂದು. ಬೊಸಾಮನನ್ನು ಅಣಕಿಸಿದ ಮಕ್ಕಳ ಮರಿಮಕ್ಕಳು ಇಂದು ಬೊಸಾಮನ ವಾದ್ಯಕ್ಕೆ ತಲೆಬಾಗಿ ಅದನ್ನು ಎತ್ತಿಕೊಳ್ಳುತ್ತಾರೆ. ನನಗೆ ಆಸೆ ಆಗುತ್ತದೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರಿನ ಯಾವುದಾದರೂ ಸರ್ಕಾರಿ ಶಾಲೆಯ ಸಂಗೀತದ ಪೀರಿಯಡ್ಡಿನಲ್ಲಿ ತಾಂಡಾದ ಹುಡುಗಿ ನಗಾರಿಯನ್ನು ತಂದಿಟ್ಟು, ಕೋಲು ಹಿಡಿಯುವುದನ್ನು ತರಗತಿಗೆಲ್ಲ ತೋರಿಸಿಕೊಡಬೇಕು. ಅವಳ ತಮ್ಮ ಪಕ್ಕದಲ್ಲಿ ತಟ್ಟೆ ಹಿಡಿದಿರಬೇಕು. ಗೊರವಯ್ಯನ ಮೊಮ್ಮಗ ಡಮರುಗದ ಜೊತೆ ಬಂದು ನಾಚದೆ ನಿಲ್ಲಬೇಕು.

ಕಛೇರಿ ಮುಗಿದ ಮೇಲೆ ಗುರುಗಳು ನಮ್ಮನ್ನು ಹತ್ತಿರ ಕರೆದು ವಾದ್ಯ ತೋರಿಸಿದರು. ಉದ್ದದ ಕುತ್ತಿಗೆ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಬೆಸೆದರೆ ಗೆರೆಯೂ ಕಾಣದು. ನಯವಾದ ಕಪ್ಪುಗೆಂಪು ಮರ, ಕೈಗೆ ಕಲ್ಲಿನಷ್ಟು ಭಾರ. ಯಾವ ಮರ ಎಂದು ಅಕ್ಕನ ಮಗನ ಬಾಯಲ್ಲಿ ಕೇಳಿಸಿದೆ. "ಕೊಕಿ," ಅಂದರು, "ಇಂಡಿಯಾದ್ದು." ನಮ್ಮ ರಕ್ತಚಂದನ! ಕಡಪ, ಚಿತ್ತೂರು ಆಸುಪಾಸಿನ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ತಾನಾಗಿ ಹುಟ್ಟದ ಮರ. ಒಳ್ಳೆಯ ಶಾಮಿಸೆನ್‌ಗೆ ಇದೇ ಬೇಕಂತೆ, ಬಲವಾದ ಹೊಡೆತಕ್ಕೂ ಬಾಗುವುದಿಲ್ಲ. ಈಗ ಸಿಗುವುದು ಬಲು ಕಷ್ಟ ಎಂದು ಗುರುಗಳು ಮರದ ಮೇಲೆ ಬೆರಳಾಡಿಸಿದರು. ನಾನೂ ಬೆರಳಾಡಿಸಿದೆ. ವಾದ್ಯದ ಮೂಲ ಚೀನಾ, ಅಲ್ಲಿಂದ ಹಾವಿನ ಚರ್ಮ ಹೊದ್ದೇ ಒಕಿನಾವಾಕ್ಕೆ ಬಂದು, ಹದಿನಾರನೇ ಶತಮಾನದಲ್ಲಿ ಜಪಾನಿನ ನಡುನಾಡಿಗೆ ದಾಟಿ ನಾಯಿ, ಬೆಕ್ಕಿನ ಚರ್ಮಕ್ಕೆ ಬದಲಾಗಿ, ಉತ್ತರದ ಹಿಮದಲ್ಲಿ ದಪ್ಪಗಾಗಿ, ಕುತ್ತಿಗೆಗೆ ನಮ್ಮ ಪಕ್ಕದ ಸೀಮೆಯ ಮರ ಕೇಳಿದೆ. ಇಷ್ಟೆಲ್ಲ ದಾರಿ ನಡೆದು ಒಂದು ಹುಡುಗಿಯ ತೊಡೆಯ ಮೇಲೆ ಕೂತಿದೆ.

ನನ್ನ ಮೊಬೈಲಿನಲ್ಲಿ ಸೂರಗೊಂಡನಕೊಪ್ಪದ ಜಾತ್ರೆಯ ನಗಾರಿ ಇತ್ತು. ಹಿಂಜರಿಯುತ್ತಲೇ ಕೇಳಿಸಿದೆ. ಹುಡುಗಿ ಕತ್ತು ಚಾಚಿ ಫೋನಿನ ಹತ್ತಿರ ಕಿವಿ ತಂದಳು. ಹುಡುಗ ಕೇಳುತ್ತ ಕೇಳುತ್ತ ಬಚಿ ಕೆಳಗಿಟ್ಟು ಬೆರಳಿನಲ್ಲೇ ಚರ್ಮದ ಮೇಲೆ ನಗಾರಿಯ ಪೆಟ್ಟು ಹಾಕತೊಡಗಿದ. ಅವಳು ತಲೆಯಾಡಿಸಿದಳು, ಅಲ್ಲ, ಹಾಗಲ್ಲ ಎಂದು. ಮತ್ತೊಮ್ಮೆ ಹಾಕಿಸಿದರು. ಪೆಟ್ಟು ಬೀಳುವುದು ಹಾಡಿನ ಮೊದಲ ಮಾತಿನ ಮೇಲೆ ಎಂದು ಅವನ ವಾದ, ಮಾತಿಗೆ ಮುಂಚೆ ಎಂದು ಅವಳದು. ಅಕ್ಕನ ಮಗ ಇಬ್ಬರ ಜಗಳವನ್ನೂ ನನಗೆ ಕನ್ನಡಕ್ಕೆ ಇಳಿಸುತ್ತ ನಗುತ್ತಿದ್ದ. ಮೂರನೇ ಸಲಕ್ಕೆ ಅವಳು ಬಚಿ ಎತ್ತಿಕೊಂಡು, ಹೆಂಗಸರ ದನಿ ಏರುವ ಜಾಗವನ್ನು ತಂತಿಯ ಮೇಲೆ ಹುಡುಕಿದಳು. ಮೊದಲು ತಪ್ಪಿತು, ಆಮೇಲೆ ಸಿಕ್ಕಿತು. ತಾಂಡಾದ ಹಾಡು ಶಾಮಿಸೆನ್ ಮೇಲೆ ಎರಡು ಸಾಲು ಬಂತು. ನನ್ನ ಕಣ್ಣಲ್ಲಿ ನೀರು.

"ಆ ಡೋಲು ಎಷ್ಟು ದೊಡ್ಡದು?" ಎಂದು ಹುಡುಗ ಕೇಳಿದ. ನಾನು ಎರಡೂ ತೋಳು ಅಗಲಿಸಿ ತೋರಿಸಿದೆ. ಅವನಿಗೆ ನಂಬಿಕೆ ಬರಲಿಲ್ಲ, ಅಕ್ಕನ ಮುಖ ನೋಡಿದ. ನನ್ನ ಅಕ್ಕನ ಮಗ ಫೋನಿನಲ್ಲಿ ಜಾತ್ರೆಯ ಫೋಟೊ ಹುಡುಕುತ್ತಿದ್ದ. ಗೊಶೊಗವಾರಕ್ಕೆ ಹೋಗುವ ರೈಲಿಗೆ ಹೊತ್ತಾಗಿತ್ತು. "ಚಿಕ್ಕಮ್ಮ, ಮುಂದಿನ ರೈಲಿಗೆ ಹೋಗೋಣ ಬಿಡು," ಅಂದ. ಹುಡುಗಿ ಆಗಲೇ ತಂತಿ ಬಿಗಿ ಮಾಡಿಕೊಳ್ಳುತ್ತ, ಹಾಡನ್ನು ಮೊದಲಿನಿಂದ ಹಾಕಿ ಎಂದು ಕೈಸನ್ನೆ ಮಾಡುತ್ತಿದ್ದಳು.